ಒಂದು ಕಡ್ಡಿ ಸಿಗ್ನಲ್‌ಗೂ ತೆರೆಯುವ ಕಡತ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಅರಿವು ಕೇಂದ್ರಕ್ಕೆ, ಅಂದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಂದರು. ಗಾಳಿಮಳೆಗೆ ಅವರ ಮನೆಯ ಹಿಂಬದಿಯ ಗೋಡೆ ಕುಸಿದಿತ್ತು. ಪರಿಹಾರಕ್ಕೆ ಆಯ್ಕೆಯಾದವರ ಪಟ್ಟಿ ಆನ್‌ಲೈನ್‌ನಲ್ಲಿ ಬಂದಿದೆ ಎಂದು ಯಾರೋ ಹೇಳಿದ್ದರಂತೆ. “ಹೆಸರು ಇದೆಯೋ ಇಲ್ಲವೋ, ಅಷ್ಟು ನೋಡಿ ಹೇಳು ಮಾರಾಯ್ತಿ. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಇವತ್ತು ಮನೆ ಸೇರುವುದಿಲ್ಲ” ಎಂದರು.

ಪಂಚಾಯಿತಿಗೆ ಬರುವ ಕೇಬಲ್ ಎರಡು ದಿನದ ಹಿಂದೆ ಮರ ಬಿದ್ದು ತುಂಡಾಗಿತ್ತು. ನನ್ನ ಮೊಬೈಲ್‌ನಲ್ಲಿ ದಿನದ ಡೇಟಾ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿದಿತ್ತು. ಪಟ್ಟಿಯ ಕೊಂಡಿ ಒತ್ತಿದೆ. 38 ಪುಟ, 41 ಎಂಬಿ. ಮೂರು ಮುಕ್ಕಾಲಿನ ಹೊತ್ತಿಗೆ ಮುಕ್ಕಾಲು ಭಾಗ ಇಳಿದು ಅಲ್ಲಿಗೇ ನಿಂತಿತು. ಅಜ್ಜಿ ಉತ್ತರ ಸಿಗದೆಯೇ ಬಸ್ಸಿಗೆ ಎದ್ದು ಹೋದರು.

ರಾತ್ರಿ ಕರೆಂಟು, ಸಿಗ್ನಲ್ ಎರಡೂ ಬಂದಾಗ ಅದೇ ಕಡತವನ್ನು ಇಳಿಸಿಕೊಂಡು ಬಿಡಿಸಿ ನೋಡಿದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಮುದ್ರಿಸಿ, ಪ್ರತಿ ಪುಟಕ್ಕೂ ಸಹಿ ಮೊಹರು ಹಾಕಿ, ಪುಟಗಳನ್ನೆಲ್ಲ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಏರಿಸಿದ್ದರು. ಕಾಗದದ ಮಾಸಲು ಬಣ್ಣ, ಮಡಿಕೆಯ ನೆರಳು, ಹಿಂಬದಿಯ ಪುಟದ ಮಸುಕು ಅಕ್ಷರ ಎಲ್ಲವೂ ಆ 41 ಎಂಬಿಯೊಳಗೆ ಇದ್ದವು. ಅಜ್ಜಿಯ ಹೆಸರು 29ನೇ ಪುಟದಲ್ಲಿತ್ತು.

ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ಅದಕ್ಕೂ ಮೊದಲು ಶಿವಮೊಗ್ಗದ ಡಿಟಿಪಿ ಅಂಗಡಿಯೊಂದರಲ್ಲಿ ಎಂಟು ವರ್ಷ ಲಗ್ನಪತ್ರಿಕೆ, ಕರಪತ್ರ, ಕ್ರಯಪತ್ರಗಳನ್ನು ಟೈಪ್ ಮಾಡಿದ್ದೇನೆ. ಪಂಚಾಯಿತಿ, ಶಾಲೆ, ಸಹಕಾರ ಸಂಘ, ತಾಲ್ಲೂಕು ಕಚೇರಿಗಳಲ್ಲಿ ಕುಳಿತು ಕಡತ ಏರಿಸುವ ನನ್ನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗುಡ್ಡದ ಮೇಲೆ ಮೊಬೈಲ್ ಹಿಡಿದು ನಿಂತವರು ಎಷ್ಟು ಹೊತ್ತು ಕಾಯಬೇಕು ಎಂಬುದು ಬಹುಪಾಲು ಸ್ಕ್ಯಾನರ್ ಮುಂದೆ ಕುಳಿತವರ ಕೈಯಲ್ಲೇ ಇದೆ.

ಮೊದಲು ಲೆಕ್ಕ

ಇಂಟರ್‌ನೆಟ್ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 64 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 64 ಸಾವಿರ ಬಿಟ್, ಅಂದರೆ ಹೆಚ್ಚೆಂದರೆ 8 ಕೆಬಿ. ಒಂದು ಎಂಬಿ (ಸುಮಾರು ಸಾವಿರ ಕೆಬಿ) ಇಳಿಯಲು ಎರಡು ನಿಮಿಷಕ್ಕಿಂತ ಹೆಚ್ಚು ಬೇಕು; 41 ಎಂಬಿಗೆ ಸುಮಾರು ಒಂದೂವರೆ ಗಂಟೆ, ಅದೂ ನಡುವೆ ಎಲ್ಲೂ ಕಡಿಯದಿದ್ದರೆ. ಅದೇ ಕಡತ 50 ಎಂಬಿಪಿಎಸ್ ಇರುವ ಕಚೇರಿಯಲ್ಲಿ ಏಳು ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ. ಏರಿಸುವವರಿಗೆ ಅದರ ಭಾರ ಗೊತ್ತಾಗದೇ ಇರುವುದು ಇದರಿಂದಲೇ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗವನ್ನು 2023ರಲ್ಲಿ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದರು. ಮಳೆಗಾಲದಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದು, ದೂರದ ಇನ್ನೊಂದು ಟವರಿಗೆ ಮೊಬೈಲ್ ಜೋತುಬಿದ್ದಾಗ ಆ ಎರಡು ಎಂಬಿಪಿಎಸ್ ನಮಗೆ ಬಲು ದೂರ.

ಹಾಗಾಗಿ ನಾನು ಒಂದು ಮಿತಿ ಇಟ್ಟುಕೊಂಡಿದ್ದೇನೆ. ಒಬ್ಬ ವ್ಯಕ್ತಿಗೆ ಬೇಕಾದ ಮಾಹಿತಿ 200 ಕೆಬಿಯೊಳಗೆ ಸಿಗಬೇಕು. ಅಂದರೆ ಅತಿ ನಿಧಾನದ ಸಂಪರ್ಕದಲ್ಲೂ ಅರ್ಧ ನಿಮಿಷದೊಳಗೆ.

ಸ್ಕ್ಯಾನ್ ಮಾಡದೇ ಇರುವುದು

ತೂಕ ಇಳಿಸುವ ಮೊದಲ ಉಪಾಯ ಸ್ಕ್ಯಾನರನ್ನು ಮುಟ್ಟದೇ ಇರುವುದು. ಪಟ್ಟಿ ಹುಟ್ಟಿದ್ದೇ ಕಂಪ್ಯೂಟರಿನಲ್ಲಿ. ಅದನ್ನು ಕಾಗದಕ್ಕೆ ಇಳಿಸಿ, ಆ ಕಾಗದದ ಚಿತ್ರ ತೆಗೆದು ಮತ್ತೆ ಕಂಪ್ಯೂಟರಿಗೆ ಏರಿಸಿದರೆ ಅಕ್ಷರವಾಗಿದ್ದದ್ದು ಚಿತ್ರವಾಗುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಟ್ಟಿರುವ ಯುನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಸಾಕು. ತುಂಬಿದ ಒಂದು ಪುಟದಲ್ಲಿ ಸುಮಾರು 1800 ಚಿಹ್ನೆಗಳಿದ್ದರೆ ಐದೂವರೆ ಕೆಬಿ ಆಯಿತು. ಅದೇ ಪುಟದ ಬಣ್ಣದ ಸ್ಕ್ಯಾನ್ ಒಂದು ಎಂಬಿಯ ಆಸುಪಾಸು.

ವರ್ಡ್‌ನಲ್ಲಿ ಕಡತವನ್ನು ಪಿಡಿಎಫ್ ಆಗಿ ಉಳಿಸುವಾಗ ‘ಮಿನಿಮಮ್ ಸೈಜ್’ ಎಂಬ ಆಯ್ಕೆ ಕಾಣುತ್ತದೆ, ಅದನ್ನು ಗುರುತು ಮಾಡಿ. ಲಿಬ್ರೆ ಆಫೀಸ್ ಬಳಸುವವರು ‘ಎಕ್ಸ್‌ಪೋರ್ಟ್’ ಮೂಲಕ ಹೋದರೆ ಚಿತ್ರಗಳ ರೆಸಲ್ಯೂಷನ್ ಇಳಿಸುವ ಆಯ್ಕೆ ಅಲ್ಲೇ ಸಿಗುತ್ತದೆ. ಕಾಗದದ ತಲೆಭಾಗದಲ್ಲಿ ಲಾಂಛನ ಇದ್ದರೆ ಅದರ ಗಾತ್ರವನ್ನೂ ಒಮ್ಮೆ ನೋಡಿಕೊಳ್ಳಿ. ಎರಡು ಪುಟದ ಸುತ್ತೋಲೆಯೊಂದು ಐದು ಎಂಬಿ ಇದ್ದುದನ್ನು ಕಂಡಿದ್ದೇನೆ. ಕ್ಯಾಮೆರಾದಲ್ಲಿ ತೆಗೆದ ಲಾಂಛನದ ಫೋಟೋವನ್ನು ಉಗುರಿನಷ್ಟು ಕುಗ್ಗಿಸಿ ಮೂಲೆಯಲ್ಲಿ ಇಟ್ಟಿದ್ದರು. ನೋಡಲು ಉಗುರಿನಷ್ಟೇ ಇದ್ದರೂ ತೂಕ ಮಾತ್ರ ಪೂರ್ತಿ ಫೋಟೋದ್ದಾಗಿತ್ತು.

“ಸಹಿ ಮೊಹರು ಇಲ್ಲದಿದ್ದರೆ ಜನ ನಂಬುವುದಿಲ್ಲ” ಎಂಬ ಮಾತನ್ನು ನಾನು ಎಲ್ಲ ಕಡೆ ಕೇಳುತ್ತೇನೆ. ಆ ಮಾತಿನಲ್ಲಿ ನ್ಯಾಯವಿದೆ. ಅದಕ್ಕೆ ನಮ್ಮಲ್ಲಿ ಎರಡು ದಾರಿ ಕಂಡುಕೊಂಡಿದ್ದೇವೆ. ಹಳ್ಳಿಯ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9, ನಮೂನೆ 11 ಕೊಡಲು ಪಂಚಾಯಿತಿಗಳಲ್ಲಿ ಡಿಜಿಟಲ್ ಸಹಿ ಬಳಸುತ್ತಾರೆ. ಎಲೆಕ್ಟ್ರಾನಿಕ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮಾನ್ಯತೆ ಇದೆ. ಆ ಸೌಲಭ್ಯ ಇರುವಲ್ಲಿ ಕಾಗದದ ಸಹಿಯನ್ನು ಸ್ಕ್ಯಾನ್ ಮಾಡುವ ಅಗತ್ಯವೇ ಬರುವುದಿಲ್ಲ. ಇಲ್ಲದ ಕಡೆ, ಸಹಿ ಇರುವ ಮೊದಲ ಪುಟವನ್ನು ಅಥವಾ ಕೊನೆಯ ಪುಟವನ್ನು ಮಾತ್ರ ಸ್ಕ್ಯಾನ್ ಮಾಡಿ ಉಳಿದ ಪುಟಗಳನ್ನು ನೇರ ಪಿಡಿಎಫ್ ಆಗಿ ಜೋಡಿಸುತ್ತೇವೆ. ಪೂರ್ತಿ ಸಹಿ ಮಾಡಿದ ಪ್ರತಿ ಕಚೇರಿಯಲ್ಲಿ ಇರುತ್ತದೆ, ಯಾರು ಕೇಳಿದರೂ ತೋರಿಸಬಹುದು.

ಸ್ಕ್ಯಾನ್ ಮಾಡಲೇಬೇಕಾದಾಗ

ಹಳೆಯ ಕೈಬರಹದ ಮ್ಯುಟೇಷನ್ ಪುಸ್ತಕ, ಪೋಡಿ ನಕ್ಷೆ, ಗ್ರಾಮಸಭೆಯ ನಡಾವಳಿ ಮುಂತಾದವನ್ನು ಸ್ಕ್ಯಾನ್ ಮಾಡಲೇಬೇಕು. ಇಲ್ಲಿ ಸ್ವಲ್ಪ ನಿಧಾನಿಸಿ ಓದಿ, ಏಕೆಂದರೆ ಅತಿ ಹೆಚ್ಚು ತೂಕ ಸೇರುವುದೂ ಇಳಿಯುವುದೂ ಈ ಹಂತದಲ್ಲೇ.

ಎ4 ಹಾಳೆಯನ್ನು 300 ಡಿಪಿಐಯಲ್ಲಿ (ಅಂದರೆ ಒಂದು ಅಂಗುಲಕ್ಕೆ 300 ಚುಕ್ಕೆ) ಸ್ಕ್ಯಾನ್ ಮಾಡಿದರೆ ಅದು ಸುಮಾರು 87 ಲಕ್ಷ ಚುಕ್ಕೆಗಳಾಗುತ್ತದೆ. ಬಣ್ಣದ ಮೋಡ್‌ನಲ್ಲಿ ಒಂದೊಂದು ಚುಕ್ಕೆಗೆ ಮೂರು ಬೈಟ್, ಅಂದರೆ ಪುಟಕ್ಕೆ 26 ಎಂಬಿ. ಬೂದು ಬಣ್ಣದ ಛಾಯೆಗಳಿರುವ ಗ್ರೇಸ್ಕೇಲ್‌ನಲ್ಲಿ ಒಂದೊಂದಕ್ಕೆ ಒಂದು ಬೈಟ್. ಕಪ್ಪು-ಬಿಳುಪು ಮೋಡ್‌ನಲ್ಲಿ ಒಂದು ಚುಕ್ಕೆಗೆ ಒಂದೇ ಬಿಟ್ ಆದ್ದರಿಂದ ಇಡೀ ಪುಟಕ್ಕೆ ಒಂದು ಎಂಬಿಯಷ್ಟು. ಮುಂದೆ ಪಿಡಿಎಫ್ ಮಾಡುವಾಗ ಎಲ್ಲವೂ ಇನ್ನಷ್ಟು ಕುಗ್ಗುತ್ತವೆ. ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರವಿರುವ ಸಾಮಾನ್ಯ ಪುಟ ಕಪ್ಪು-ಬಿಳುಪಿನಲ್ಲಿ 40-50 ಕೆಬಿಗೆ ಇಳಿಯುತ್ತದೆ. ಬಣ್ಣದ್ದು ಅಷ್ಟು ಇಳಿಯುವುದಿಲ್ಲ, ಏಕೆಂದರೆ ಕಾಗದದ ಪ್ರತಿಯೊಂದು ಕಲೆಯನ್ನೂ ಅದು ಜೋಪಾನವಾಗಿ ಹೊತ್ತಿರುತ್ತದೆ. ಗ್ರೇಸ್ಕೇಲ್ ಮತ್ತು ಕಪ್ಪು-ಬಿಳುಪು ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಸ್ಕ್ಯಾನರಿನ ಪಟ್ಟಿಯಲ್ಲಿ ಎರಡೂ ಬೇರೆ ಬೇರೆಯಾಗಿ ಇರುತ್ತವೆ, ಕಣ್ಣಿಟ್ಟು ಆರಿಸಿ.

ಹಾಗೆಂದು ಡಿಪಿಐಯನ್ನು ಮನಬಂದಂತೆ ಇಳಿಸಬೇಡಿ. ಇಂಗ್ಲಿಷ್ ಪುಟಗಳಿಗೆ ನಡೆಯುವ ಲೆಕ್ಕ ಕನ್ನಡಕ್ಕೆ ನಡೆಯುವುದಿಲ್ಲ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವೆ ಇರುವ ವ್ಯತ್ಯಾಸ ಅಡಿಯಲ್ಲಿನ ಒಂದು ಸೀಳು ಮಾತ್ರ. 100 ಡಿಪಿಐಯಲ್ಲಿ ಆ ಸೀಳು ಮುಚ್ಚಿಹೋಗುತ್ತದೆ, ‘ಧನ’ ಹೋಗಿ ‘ದನ’ ಆಗುತ್ತದೆ. ಒತ್ತಕ್ಷರಗಳು ಕರಿಯ ಉಂಡೆಗಳಾಗುತ್ತವೆ. ಸರ್ವೆ ನಂಬರಿನ 3 ಮತ್ತು 8 ಒಂದೇ ತರಹ ಕಾಣುತ್ತವೆ. ಒಬ್ಬ ರೈತನಿಗೆ ಅದು ಎಷ್ಟು ದೊಡ್ಡ ತೊಂದರೆ ಎಂದು ನಾನು ವಿವರಿಸಬೇಕಾಗಿಲ್ಲ. ಟೈಪ್ ಮಾಡಿದ ಪುಟಕ್ಕೆ 200, ಕೈಬರಹಕ್ಕೆ ಮತ್ತು ಸಣ್ಣ ಅಕ್ಷರದ ಕೋಷ್ಟಕಕ್ಕೆ 300. ಇದಕ್ಕಿಂತ ಕೆಳಗೆ ನಾನು ಹೋಗುವುದಿಲ್ಲ. ತೂಕವನ್ನು ಬಣ್ಣದಲ್ಲಿ ಇಳಿಸಬೇಕು, ಅಕ್ಷರದಲ್ಲಿ ಅಲ್ಲ.

ನಕ್ಷೆಯ ವಿಷಯ ಬೇರೆ. ಗಡಿಗೆರೆ ಕೆಂಪು, ಹಳ್ಳ ನೀಲಿ ಎಂದು ಬಣ್ಣಕ್ಕೆ ಅರ್ಥವಿರುವಲ್ಲಿ ಬಣ್ಣವನ್ನು ತೆಗೆಯಬಾರದು. ಅಂಥ ಪುಟವನ್ನು ಮಾತ್ರ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಪ್ರತ್ಯೇಕ ಕಡತವಾಗಿ ಇಡುತ್ತೇನೆ.

ಇದಕ್ಕೆ ನಾನು ಬಳಸುವುದು ನ್ಯಾಪ್ಸ್2 ಎಂಬ ಉಚಿತ ತಂತ್ರಾಂಶ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಈಗಾಗಲೇ ಯಾರೋ ಮಾಡಿಟ್ಟ ಭಾರದ ಪಿಡಿಎಫ್‌ಗಳನ್ನೂ ಅದರೊಳಗೆ ತಂದು, ಎಲ್ಲ ಪುಟಗಳನ್ನು ಗುರುತು ಮಾಡಿ ಕಪ್ಪು-ಬಿಳುಪಿಗೆ ಬದಲಾಯಿಸಬಹುದು. ಆಗ ಒಂದು ಜಾರುಪಟ್ಟಿ ಬರುತ್ತದೆ. ಅದನ್ನು ಒಂದು ಕಡೆಗೆ ಎಳೆದರೆ ಮೊಹರಿನ ನೀಲಿ ಪೂರ್ತಿ ಕರಿಯಾಗಿ ಕೆಳಗಿನ ಹೆಸರನ್ನು ನುಂಗುತ್ತದೆ, ಇನ್ನೊಂದು ಕಡೆಗೆ ಎಳೆದರೆ ಪೆನ್ಸಿಲ್ ಗುರುತುಗಳು ಅಳಿಯುತ್ತವೆ. ಮೊಹರು ಇರುವ ಪುಟವನ್ನೇ ನೋಡುತ್ತಾ ಸರಿಹೊಂದಿಸಿ. ಅಜ್ಜಿಯ ಪಟ್ಟಿಯನ್ನು ಅಂದು ರಾತ್ರಿ ಹೀಗೆ ಬದಲಾಯಿಸಿದಾಗ 41 ಎಂಬಿ ಇದ್ದದ್ದು 1.7 ಎಂಬಿ ಆಯಿತು. ಕೆಲಸಕ್ಕೆ ಹಿಡಿದದ್ದು ಹತ್ತು ನಿಮಿಷ.

ಪಿಡಿಎಫ್ ಕುಗ್ಗಿಸಿ ಕೊಡುವ ಜಾಲತಾಣಗಳೂ ಇವೆ, ಗೊತ್ತು. ಕಚೇರಿಯ ಕಡತಕ್ಕೆ ಅವನ್ನು ಬಳಸಬೇಡಿ. ಪಟ್ಟಿಯಲ್ಲಿ ಜನರ ಬ್ಯಾಂಕ್ ಖಾತೆ, ಆಧಾರ್, ಫೋನ್ ನಂಬರು ಇರುತ್ತದೆ. ಅದನ್ನು ಯಾರದೋ ಸರ್ವರಿಗೆ ಕಳಿಸುವ ಹಕ್ಕು ನಮಗಿಲ್ಲ. ಹಾಗೆ ನೋಡಿದರೆ ಆ ಅಂಕಣಗಳು ಪ್ರಕಟಣೆಯ ಪ್ರತಿಯಲ್ಲಿ ಇರಲೇಬಾರದು. ಗುರುತಿಗೆ ಬೇಕೇ ಬೇಕೆಂದರೆ ಆಧಾರ್‌ನ ಕೊನೆಯ ನಾಲ್ಕು ಅಂಕಿ ಸಾಕು. ಅಂಕಣ ತೆಗೆದಷ್ಟೂ ಅಕ್ಷರ ದೊಡ್ಡದು ಮಾಡಬಹುದು, ಮೊಬೈಲ್‌ನಲ್ಲಿ ಓದಲು ಸುಲಭ.

ಒಡೆದು ಹಂಚುವುದು

38 ಪುಟಗಳಲ್ಲಿ ಆ ಅಜ್ಜಿಗೆ ಬೇಕಾಗಿದ್ದದ್ದು ಅವರ ಹಳ್ಳಿಯ ನಾಲ್ಕು ಪುಟ. ಯಾವ ಪಟ್ಟಿಯಾದರೂ ಗ್ರಾಮವಾರು ಒಡೆದು ಹಾಕಿ. ಪಿಡಿಎಫ್‌ಸ್ಯಾಮ್ ಎಂಬ ಉಚಿತ ತಂತ್ರಾಂಶದಲ್ಲಿ ಪುಟಸಂಖ್ಯೆ ಕೊಟ್ಟರೆ ತುಂಡು ಮಾಡಿಕೊಡುತ್ತದೆ. ನಾಲ್ಕು ಪುಟದ ಆ ತುಂಡು 180 ಕೆಬಿ ಆಯಿತು. 64 ಕೆಬಿಪಿಎಸ್‌ನಲ್ಲೂ 23 ಸೆಕೆಂಡಿನ ಕೆಲಸ. ಇಡೀ ಪಟ್ಟಿಯನ್ನೂ ಕೆಳಗೆ ಇಡಿ, ಪತ್ರಕರ್ತರಿಗೆ, ವಕೀಲರಿಗೆ ಅದು ಬೇಕಾಗುತ್ತದೆ.

ಕೊಂಡಿಯ ಪಕ್ಕದಲ್ಲೇ ಗಾತ್ರ ಬರೆಯಿರಿ: ‘ಪಿಡಿಎಫ್, 4 ಪುಟ, 180 ಕೆಬಿ’ ಎಂದು. ಸರ್ಕಾರಿ ಜಾಲತಾಣಗಳಿಗಾಗಿ ಕೇಂದ್ರ ಸರ್ಕಾರ 2009ರಲ್ಲಿ ಮೊದಲು ಹೊರಡಿಸಿ ಆಮೇಲೆ ಪರಿಷ್ಕರಿಸಿದ ಮಾರ್ಗಸೂಚಿಯೂ ಕಡತದ ಬಗೆ ಮತ್ತು ಗಾತ್ರವನ್ನು ತಿಳಿಸಬೇಕು ಎನ್ನುತ್ತದೆ. ಡೇಟಾ ಎಣಿಸಿ ಖರ್ಚು ಮಾಡುವವರಿಗೆ ಒತ್ತುವ ಮೊದಲೇ ಗೊತ್ತಾಗಲಿ.

ಕಡತದ ಹೆಸರು ‘ಸ್ಕ್ಯಾನ್ 0001’ ಎಂದಿದ್ದರೆ ಇಳಿಸಿಕೊಂಡವರಿಗೆ ನಾಳೆ ಮೊಬೈಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ, ಮತ್ತೆ ಇಳಿಸಿಕೊಳ್ಳುತ್ತಾರೆ. ಊರು, ವಿಷಯ, ದಿನಾಂಕ ಹೆಸರಿನಲ್ಲೇ ಇರಲಿ. ಆದರೆ ಆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಕನ್ನಡಾಭಿಮಾನಿಯಾದ ನಾನು ಇದನ್ನು ಹೇಳಲು ಕಾರಣವಿದೆ: ಕೊಂಡಿಯನ್ನು ನಕಲು ಮಾಡಿದಾಗ ಕನ್ನಡದ ಒಂದೊಂದು ಚಿಹ್ನೆ ಒಂಬತ್ತು ಅಕ್ಷರಗಳ ಸಂಕೇತವಾಗಿ ಹಿಗ್ಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಅರ್ಧಕ್ಕೆ ತುಂಡಾಗಿ ತೆರೆಯದೇ ಹೋಗುತ್ತದೆ. ಕಡತದ ಒಳಗೆ, ಪುಟದ ಮೇಲೆ ಕನ್ನಡ ಧಾರಾಳವಾಗಿ ಇರಲಿ.

ನುಡಿಯಿಂದ ಯುನಿಕೋಡ್‌ಗೆ

ಡಿಟಿಪಿ ಅಂಗಡಿಯಲ್ಲಿ ನನ್ನ ಅನ್ನ ನುಡಿ ತಂತ್ರಾಂಶದಿಂದ ಬಂದದ್ದು, ಅದರ ಮೇಲೆ ನನಗೆ ಪ್ರೀತಿಯಿದೆ. ಆದರೆ ನುಡಿಯ ಹಳೆಯ ಆಸ್ಕಿ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಪಾಲಿಗೆ ಕನ್ನಡವಲ್ಲ, ಕನ್ನಡದಂತೆ ಕಾಣುವ ಇಂಗ್ಲಿಷ್ ಸಂಕೇತಗಳು. ಪಿಡಿಎಫ್‌ನಲ್ಲಿ ಸರಿಯಾಗಿ ಕಂಡರೂ ಅದರೊಳಗೆ ಹೆಸರು ಹುಡುಕಿದರೆ ಸಿಗದು, ನಕಲು ಮಾಡಿ ಸಂದೇಶದಲ್ಲಿ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳ ಸಾಲು. ಹಾಗಾಗಿ ಎರಡು ಸಾಲಿನ ಮಾಹಿತಿಗಾಗಿ ಜನ ಇಡೀ ಕಡತವನ್ನೇ ಒಬ್ಬರಿಗೊಬ್ಬರು ಕಳಿಸುತ್ತಾರೆ.

ಹೊಸದಾಗಿ ಟೈಪ್ ಮಾಡುವವರು ಯುನಿಕೋಡ್‌ನಲ್ಲೇ ಮಾಡಿ, ನುಡಿಯ ಕೀಲಿಮಣೆ ವಿನ್ಯಾಸ ಬದಲಾಗುವುದಿಲ್ಲ. ಹಳೆಯ ಕಡತಗಳನ್ನು ಬದಲಾಯಿಸಲು ನುಡಿಯಲ್ಲೇ ಪರಿವರ್ತಕ ಇದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು, ಒತ್ತಿನ ಮೇಲೆ ಒತ್ತು ಬರುವ ಪದಗಳನ್ನು, ಅಂಕಿಗಳನ್ನು ಕಣ್ಣಿಟ್ಟು ಓದಿ. ತಪ್ಪು ನುಸುಳುವುದು ಅಲ್ಲೇ.

ಯುನಿಕೋಡ್ ಆದ ಮೇಲೂ ಕೆಲವು ಪಿಡಿಎಫ್‌ಗಳಿಂದ ನಕಲು ಮಾಡಿದಾಗ ಕನ್ನಡದ ಒತ್ತುಗಳು ಸ್ಥಾನಪಲ್ಲಟವಾಗುತ್ತವೆ. ಅದಕ್ಕೇ ಮುಖ್ಯವಾದ ಐದಾರು ಸಾಲುಗಳನ್ನು, ಅಂದರೆ ಯೋಜನೆ ಯಾವುದು, ಯಾರಿಗೆ, ಕೊನೆಯ ದಿನಾಂಕ ಯಾವುದು, ಯಾವ ದಾಖಲೆ ತರಬೇಕು ಎಂಬುದನ್ನು ಜಾಲತಾಣದ ಪುಟದ ಮೇಲೇ ಪಠ್ಯವಾಗಿ ಬರೆಯಿರಿ. ಹತ್ತರಲ್ಲಿ ಏಳೆಂಟು ಜನರಿಗೆ ಅಷ್ಟೇ ಸಾಕಾಗುತ್ತದೆ, ಪಿಡಿಎಫ್ ಒತ್ತುವುದೇ ಇಲ್ಲ. ಇದು ನಮ್ಮ ಕೇಂದ್ರದಲ್ಲಿ ನಾನು ದಿನವೂ ಕಾಣುವುದು.

ಎಸ್‌ಎಂಎಸ್ ಕಳಿಸುವವರು ಕನ್ನಡದ ಒಂದು ಸಂದೇಶಕ್ಕೆ 70 ಚಿಹ್ನೆಯ ಮಿತಿ ಇದೆ ಎಂಬುದನ್ನು ನೆನಪಿಡಿ. ಇಂಗ್ಲಿಷಿಗೆ 160. ‘ಲಕ್ಷ್ಮೀ’ ಕಣ್ಣಿಗೆ ಎರಡೇ ಅಕ್ಷರ, ಎಣಿಕೆಯಲ್ಲಿ ಏಳು. ‘ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ’ ಎಂದು ಶುರುಮಾಡಿದರೆ ವಿಷಯಕ್ಕೆ ಜಾಗವೇ ಉಳಿಯುವುದಿಲ್ಲ. ‘ಗ್ರಾಮಸಭೆ 14ರಂದು 11ಕ್ಕೆ, ಶಾಲೆಯಲ್ಲಿ’ ಎಂದು ನೇರವಾಗಿ ಬರೆಯಿರಿ.

ಕಡತ ಬೇಕಾದವರಿಗೆ ಒಂದಿಷ್ಟು

ದಾಖಲೆ ಪಡೆಯುವವರೂ ಕೆಲವು ಕೆಲಸ ಮಾಡಿಕೊಳ್ಳಬಹುದು. ಒಳ್ಳೆಯ ಸಂಪರ್ಕ ಸಿಕ್ಕ ದಿನ, ಪೇಟೆಗೆ ಹೋದಾಗಲೋ ನಮ್ಮಂಥ ಕೇಂದ್ರಕ್ಕೆ ಬಂದಾಗಲೋ, ಪಹಣಿ, ಜಾತಿ-ಆದಾಯ ಪ್ರಮಾಣಪತ್ರಗಳನ್ನು ಇಳಿಸಿ ಮೊಬೈಲ್‌ನಲ್ಲೇ ಒಂದು ಕಡೆ ಇಟ್ಟುಕೊಳ್ಳಿ. ಅಂಕಪಟ್ಟಿ, ವಾಹನದ ದಾಖಲೆಗಳು ಡಿಜಿಲಾಕರ್‌ನಲ್ಲಿ ಸಿಗುತ್ತವೆ. ಆಧಾರ್ ಪಿಡಿಎಫ್ ಪಾಸ್‌ವರ್ಡ್ ಕೇಳಿದರೆ ಆಧಾರ್‌ನಲ್ಲಿ ಇರುವ ಇಂಗ್ಲಿಷ್ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಒಬ್ಬರು ಇಳಿಸಿದ ಪಟ್ಟಿಯನ್ನು ಇನ್ನೊಬ್ಬರು ಬ್ಲೂಟೂತ್‌ನಲ್ಲಿ ಪಡೆಯಬಹುದು, ಡೇಟಾ ಬೇಕಿಲ್ಲ. ಅರ್ಜಿ ತುಂಬುವಾಗ ನಡುವೆ ಸಂಪರ್ಕ ಕಡಿದು ಬರೆದದ್ದೆಲ್ಲ ಹೋಗುವುದುಂಟು. ವಿಳಾಸ, ಸರ್ವೆ ನಂಬರುಗಳನ್ನು ಮೊದಲೇ ಮೊಬೈಲ್‌ನ ಟಿಪ್ಪಣಿಯಲ್ಲಿ ಬರೆದಿಟ್ಟು ಅಂಟಿಸಿ, ಫೋಟೋವನ್ನು ಮೊದಲೇ ಕೇಳಿದ ಗಾತ್ರಕ್ಕೆ ಇಳಿಸಿಟ್ಟುಕೊಳ್ಳಿ. ನಮ್ಮಲ್ಲಿ ಸರ್ವರ್ ಬೆಳಗಿನ ಏಳರ ಹೊತ್ತಿಗೆ ಹಗುರವಾಗಿ ಓಡುತ್ತದೆ.

ಕಚೇರಿಯ ಕೊಂಡಿ ತೆರೆಯದಿದ್ದರೆ ಹೋಗಿ ಕೇಳಲು ಹಿಂಜರಿಯಬೇಡಿ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಸೆಕ್ಷನ್ನಿನ 4ನೇ ಉಪಸೆಕ್ಷನ್, ಮಾಹಿತಿ ಹರಡುವಾಗ ವೆಚ್ಚ, ಸ್ಥಳೀಯ ಭಾಷೆ ಮತ್ತು ಆ ಪ್ರದೇಶದಲ್ಲಿ ಅತಿ ಪರಿಣಾಮಕಾರಿಯಾದ ಸಂವಹನ ವಿಧಾನವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಎನ್ನುತ್ತದೆ. ಮಳೆಗಾಲದ ಮಲೆನಾಡಿನಲ್ಲಿ 41 ಎಂಬಿಯ ಪಿಡಿಎಫ್ ಆ ಮಾತಿಗೆ ಹೊಂದುವುದಿಲ್ಲ. ಫಲಕಕ್ಕೆ ಹಚ್ಚಿದ ಕಾಗದ, ಡಂಗುರ, ಹಾಲಿನ ಡೇರಿಯ ಗೋಡೆ ಎಲ್ಲವೂ ಸಂವಹನ ವಿಧಾನಗಳೇ. ನಾನು ಗ್ರಾಮವಾರು ಪಟ್ಟಿಯ ಒಂದೊಂದು ಮುದ್ರಿತ ಪ್ರತಿಯನ್ನು ಬಸ್ ಕಂಡಕ್ಟರ್ ಕೈಯಲ್ಲಿ ಆಯಾ ಊರಿನ ಅಂಗಡಿಗೆ ಕಳಿಸಿದ್ದೂ ಇದೆ. ಅಜ್ಜಿಗೆ ಮರುದಿನ ಸುದ್ದಿ ಮುಟ್ಟಿದ್ದು ಹಾಗೆಯೇ.

ಏರಿಸುವ ಮೊದಲು

ಕೊನೆಯಲ್ಲಿ ಒಂದು ಪರೀಕ್ಷೆ ಇದೆ, ಇದನ್ನು ಯಾವ ಕಾರಣಕ್ಕೂ ಬಿಡುವುದಿಲ್ಲ. ಹೊಸ ಕಡತದ ಕೊಂಡಿಯನ್ನು ಎಲ್ಲರಿಗೂ ಹಂಚುವ ಮೊದಲು ನನಗೇ ಕಳಿಸಿಕೊಳ್ಳುತ್ತೇನೆ. ವೈಫೈ ಆರಿಸಿ, ಮೊಬೈಲ್‌ನ ನೆಟ್‌ವರ್ಕ್ ಆಯ್ಕೆಯಲ್ಲಿ ‘2ಜಿ ಮಾತ್ರ’ ಎಂದು ಇಟ್ಟು, ಕೇಂದ್ರದ ಹಿಂದಿನ ಹಲಸಿನ ಮರದವರೆಗೆ ನಡೆಯುತ್ತೇನೆ. ಅಲ್ಲಿ ಒಂದೇ ಕಡ್ಡಿ ಸಿಗ್ನಲ್ ಬರುತ್ತದೆ. ಕೊಂಡಿ ಒತ್ತಿ ಎಣಿಸಲು ಶುರುಮಾಡುತ್ತೇನೆ. ಮೂವತ್ತು ಎಣಿಸುವುದರೊಳಗೆ ಹೆಸರುಗಳು ಕಣ್ಣಿಗೆ ಬೀಳದಿದ್ದರೆ ಕಡತವನ್ನು ಮತ್ತೆ ಒಳಗೆ ತಂದು ತೂಕ ಇಳಿಸುತ್ತೇನೆ.